ಇಂಗಿನ ಮಜ್ಜಿಗೆ

"ಸಾಬ್ರೇ, ಈ ಇಂಗಿನಾಗೆ ಏನ್ ಬೆರೆಸೀರಿ?"

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಎದುರಿನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಡಬ್ಬಿ ಕುಕ್ಕಿ ಹುಲಿಯಮ್ಮ ಕೇಳಿದಳು. ಸಂತೆಯ ದಿನ, ಅಂಗಡಿಯ ಮುಂದೆ ಗಿರಾಕಿಗಳ ನೂಕುನುಗ್ಗಲು. ಮೆಣಸಿನಕಾಯಿ ತೂಗುತ್ತಿದ್ದ ವಲೀಸಾಬರು ತಕ್ಕಡಿ ಹಿಡಿದ ಕೈಯಲ್ಲೇ ತಲೆಯೆತ್ತಿದರು. ಹಿಂದೆ ನಿಂತಿದ್ದ ಅತ್ತೆ ತಿಮ್ಮಮ್ಮ ಸೊಸೆಯ ಸೆರಗು ಜಗ್ಗಿದಳು.

"ಮಾನ ಕಳೀಬ್ಯಾಡ, ಬಾ. ಬಸ್ಸು ಬರೋ ಹೊತ್ತಾತು."

"ಬರ್ಲಿ ಬಿಡ್ರಿ. ಮಾನ ಹೋಗಿರೋದು ನಂದು, ನಿಮ್ದಲ್ಲ."

ಬಂದಳಿಕೆಯ ಆ ಮನೆಗೆ ಹುಲಿಯಮ್ಮ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಕುಪ್ಪಗಡ್ಡೆಯ ತವರಿನಲ್ಲಿ ಅನ್ನ ಉಂಡು ಗುಂಡುಕಲ್ಲಿನಂತಿದ್ದ ಹುಡುಗಿ ಇಲ್ಲಿ ಸೊರಗಿ ಕಡ್ಡಿಯಾದಳು. ರೇಷನ್ನಿನಲ್ಲಿ ಅಕ್ಕಿಯ ಬದಲು ಗೋಧಿ ಕೊಡುತ್ತಿದ್ದ ಎಪ್ಪತ್ತಮೂರರ ಕಾಲ. ಎರಡು ಹೊತ್ತೂ ಚಪಾತಿ. ತಿಂದರೆ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು, ಬಾಯಿ ತುಂಬ ಹುಣ್ಣು, ಮೊಣಕೈ ತುಂಬ ತುರಿಸುವ ನೀರುಗುಳ್ಳೆ. ಡಾಕ್ಟರು ಉಷ್ಣ ಎಂದರು. ತಿಮ್ಮಮ್ಮ ಗಾಳಿ ಸೋಕಿದೆ ಎಂದಳು. ಗೋಧಿ ಎಂದವಳು ಹುಲಿಯಮ್ಮ ಒಬ್ಬಳೇ. ಕಾಯಿಲೆಯವರಿಗೆ ಗೋಧಿ ಗಂಜಿ ಕಾಯಿಸಿ ಕೊಡುವ ಊರಿನಲ್ಲಿ ಆ ಮಾತನ್ನು ಯಾರು ನಂಬುತ್ತಾರೆ?

ಹಟ ಹಿಡಿದು ಗೋಧಿ ಬಿಟ್ಟಳು. ಜಮೀನ್ದಾರರ ಮಗಳಿಗೆ ಅನ್ನವೇ ಆಗಬೇಕಂತೆ ಎಂಬ ಕುಹಕವನ್ನೂ ನುಂಗಿಕೊಂಡಳು. ಎರಡು ತಿಂಗಳಲ್ಲಿ ಕೆನ್ನೆ ತುಂಬಿತು. ಅಷ್ಟರಲ್ಲಿ ಒಂದು ದಿನ ಹಲಸಿನ ಹಣ್ಣು ತಿಂದು ಅಜೀರ್ಣವಾಯಿತೆಂದು ಅತ್ತೆ ಮಜ್ಜಿಗೆಗೆ ಇಂಗು ಕಲಸಿ ಕುಡಿಸಿದಳು. ಹಳೆಯ ಕಾಯಿಲೆಯೆಲ್ಲ ಮರಳಿ ಬಂತು. "ಗೋಧಿ ಬಿಟ್ಟೀಯಲ್ಲ, ಈಗ್ಯಾಕೆ ಬಂತು?" ಎಂದು ತಿಮ್ಮಮ್ಮ ಗೆದ್ದವಳಂತೆ ಕೇಳಿದಳು. ಅಲ್ಲಿಂದಾಚೆಗೆ ನರಳಿದಷ್ಟೂ ಇಂಗು, ಇಂಗು ಕುಡಿದಷ್ಟೂ ನರಳಾಟ. ಗಾಳಿಯ ಸುದ್ದಿ ಊರೆಲ್ಲ ಹಬ್ಬಿತು. ಗಂಡ ಲೋಕಪ್ಪನಿಗೆ ಇನ್ನೊಂದು ಹೆಣ್ಣು ತರುವ ಮಾತೂ ಹುಟ್ಟಿತು. ಅವ್ವ ಹೇಳಿದ್ದಕ್ಕೆಲ್ಲ ಹ್ಞೂಂಗುಟ್ಟುವ ಆ ಪುಣ್ಯಾತ್ಮ ಇವತ್ತು ಅವಳನ್ನು ತವರಿಗೆ ಕಳಿಸಲು ಬಸ್ಸಿನವರೆಗೂ ಬರಲಿಲ್ಲ. ಒಮ್ಮೆ ಕಳಿಸಿದರೆ ಮತ್ತೆ ಕರೆಸುವುದಿಲ್ಲವೆಂದು ಹುಲಿಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಿದ್ದೂ ಗಾಡಿಯಲ್ಲಿ ಬರುವಾಗ ಅವಳ ತಲೆಯಲ್ಲಿ ಒಂದೇ ಯೋಚನೆ. ಹೋದ ತಿಂಗಳ ಕೊನೆಗೆ ಇಂಗು ಮುಗಿದು ಹದಿನೈದು ದಿನ ಕುಡಿದಿರಲಿಲ್ಲ, ಗುಳ್ಳೆ ಒಣಗಿದ್ದವು. ನಿನ್ನೆ ಇದೇ ಸಾಬರ ಅಂಗಡಿಯಿಂದ ಹೊಸ ಡಬ್ಬಿ ಬಂತು, ಪ್ರಯಾಣಕ್ಕೆ ಒಳ್ಳೆಯದೆಂದು ಅತ್ತೆ ಒಂದು ಲೋಟ ಕುಡಿಸಿದಳು. ಬೆಳಿಗ್ಗೆ ಏಳುವಷ್ಟರಲ್ಲಿ ಹೊಟ್ಟೆ ಮತ್ತೆ ಬಿಗಿದಿತ್ತು. ಸಾರಿಗೆ ಬೆಳ್ಳುಳ್ಳಿ ಹಾಕುವ ಆ ಮನೆಯಲ್ಲಿ ಇಂಗು ಔಷಧಿಗೆ ಮಾತ್ರ. ಹತ್ತಿರ ಬಂದು ಕೂತಾಗಲೆಲ್ಲ ಅತ್ತೆಯ ಕೈಯಲ್ಲಿ ಇದ್ದದ್ದು ಆ ಲೋಟ ಒಂದೇ.

"ಕಲಬೆರಕೆ ಅಂತೀಯೇನಮ್ಮಾ?" ವಲೀಸಾಬರು ತಕ್ಕಡಿ ಕೆಳಗೆ ಕುಕ್ಕಿದರು. "ನಮ್ಮಪ್ಪನ ಕಾಲದ ಅಂಗಡಿ ಇದು. ಬ್ಯಾಳಿಗೆ ಕಲ್ಲು ಸೇರಿಸಿ ಮಾರಿದೋರಲ್ಲ ನಾವು."

"ಕಲಬೆರಕೆ ಅಂದ್ನಾ ನಾನು? ಇದನ್ನ ಹೆಂಗೆ ಮಾಡ್ತೀರಿ, ಅದನ್ನ ಹೇಳ್ರಿ ಸಾಕು."

ಸರಕಿನ ಮಾತು ಬಂದರೆ ವಲೀಸಾಬರಿಗೆ ಸಿಟ್ಟು ನಿಲ್ಲುವುದಿಲ್ಲ. ಕೆಳಗಿನಿಂದ ಒಂದು ತಗಡಿನ ಡಬ್ಬ ಎತ್ತಿ ಮುಚ್ಚಳ ತೆಗೆದರು. ಒಳಗೆ ಅಂಟಂಟಾದ ಕಂದು ಮುದ್ದೆ. ಆ ವಾಸನೆಗೆ ಗಿರಾಕಿಗಳೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

"ಇದು ಅಸಲಿ ಮಾಲು, ಬೊಂಬಾಯಿಂದ ಬರ್ತದೆ. ಬರೀ ಇದನ್ನೇ ತಿಂದ್ರೆ ನಾಲಿಗೆ ಸುಟ್ಟು ಹೋಗ್ತದೆ. ಅದಕ್ಕೇ ಗೋಂದು, ಮೈದಾ ಹಾಕಿ ನಾದೋದು. ಎಲ್ಲಾ ಕಡೆ ಮಾಡೋದು ಹಂಗೇ. ಮೋಸ ಅಲ್ಲ ಇದು."

"ಮೈದಾ ಯಾತರ ಹಿಟ್ಟು?"

"ಗೋಧೀದು. ಮತ್ಯಾತರದು?"

"ನನಗೆ ಬ್ಯಾಡ, ಅವರಿಗೆ ಹೇಳ್ರಿ. ಜೋರಾಗಿ ಹೇಳ್ರಿ."

ಏನೊಂದೂ ತಿಳಿಯದೆ ವಲೀಸಾಬರು ತಿಮ್ಮಮ್ಮನ ಕಡೆ ತಿರುಗಿ ಕೂಗಿದರು. "ಗೋಧಿ ಹಿಟ್ಟಮ್ಮಾ! ಅರ್ಧಕ್ಕಿಂತ ಹೆಚ್ಚೇ ಇರ್ತದೆ!"

ತಿಮ್ಮಮ್ಮ ಕಟ್ಟೆ ಹಿಡಿದುಕೊಂಡಳು. "ನಾನು ಔಸ್ತಿ ಅಂತ ಕೊಟ್ನಲ್ಲೇ... ದಿನಾ ನನ್ನ ಕೈಯಾರೆ ಕಲಸಿ ಕೊಟ್ನಲ್ಲೇ..." ಎಂದಳು. ಅದು ಸುಳ್ಳು ದುಃಖವಲ್ಲ. ಹುಲಿಯಮ್ಮನಿಗೂ ಅದು ಗೊತ್ತಾಯಿತು. ಆದರೆ ಮೂರು ವರ್ಷದ ಸಿಟ್ಟು ಒಂದು ಕಣ್ಣೀರಿಗೆ ಇಳಿಯುವಂಥದ್ದಲ್ಲ.

ಸೊರಬದ ಕಡೆಯ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ತಿಮ್ಮಮ್ಮ ಅವಸರದಿಂದ ಸೊಸೆಯ ಟ್ರಂಕಿಗೆ ಕೈ ಹಾಕಿದಳು. "ಬ್ಯಾಡ, ಹತ್ತಬ್ಯಾಡ. ನಡಿ, ಮನೀಗೆ ಹೋಗಾಣ."

ಹುಲಿಯಮ್ಮ ಆ ಕೈ ಬಿಡಿಸಿ ಟ್ರಂಕನ್ನು ತಾನೇ ಎತ್ತಿಕೊಂಡಳು. "ನೀವು ಹತ್ತಿಸ್ತೀನಿ ಅಂದಾಗ ಅತ್ತಿದ್ದೆ. ಈಗ ನಾನಾಗೇ ಹತ್ತಾಕೆ ಹೊಂಟೀನಿ. ಗಾಳಿ ಹಿಡಿದೋಳು ಅಂತ ಮನಿಮನೀಗೆ ಹೋಗಿ ಸಾರಿದ್ರಲ್ಲ, ಅಷ್ಟೂ ಮನೀಗೆ ತಿರುಗಿ ಹೋಗಿ, ತಪ್ಪಾತು ಅಂತ ಹೇಳ್ರಿ. ಹೇಳಿ ಮುಗಿಸಿದ ದಿನ ನಿಮ್ಮ ಮಗನ್ನ ಕಳಿಸ್ರಿ, ಬರ್ತೀನಿ."

ಕಂಡಕ್ಟರ್ ಸೀಟಿ ಊದಿದ. ತಿಮ್ಮಮ್ಮ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ ಬಂದು ಕಿಟಕಿಯ ಸರಳು ಹಿಡಿದಳು. "ಊರೆಲ್ಲ ಹೇಳೀನಲ್ಲೇ ತಾಯಿ, ಯಾವ ಮನೆಯಿಂದ ಶುರು ಮಾಡ್ಲಿ?"

ಹುಲಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು.

"ಹೋದ ಸೋಮವಾರ ಯಾರಿಗೂ ಹೇಳದಂಗೆ ಶಿಕಾರಿಪುರಕ್ಕೆ ಹೆಣ್ಣು ನೋಡಾಕೆ ಹೋಗಿದ್ರಲ್ಲ ಅತ್ತೆ, ಆ ಮನೆಯಿಂದ."