ಕಿಟಕಿ ಪಕ್ಕದ ಗಂಡು

"ಕೈ ತೆಗೀರಿ. ನೆರಳು ಬೀಳುತ್ತೆ."

ಬೀಳುತ್ತಿರಲಿಲ್ಲ. ಆದರೆ ಗಂಡಿನ ಕೈ ಅವಳ ಹೆಗಲ ಮೇಲಿತ್ತು, ಅದನ್ನು ನೋಡುತ್ತ ಕ್ಯಾಮೆರಾ ಹಿಡಿದು ನಿಲ್ಲುವುದು ಇವನಿಂದಾಗಲಿಲ್ಲ.

ಮದುವೆ ನೋಂದಣಿ ಕಚೇರಿಯ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಗಂಡು ಅದರ ಪಕ್ಕ, ಅವಳು ಒಳಗೋಡೆಯ ಕಡೆ. ಅವಳ ಕಡೆಯವರು ಬೇರೆ ಯಾರೂ ಬಂದಿರಲಿಲ್ಲ.

ಅವಳಿಗೋಸ್ಕರ ಓದು ಬಿಟ್ಟು ಸ್ಟುಡಿಯೋ ಸೇರಿದವನು ಇವನು. ಜ್ವರ ಬಂದರೆ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದವನು. 'ನಿನ್ನ ಬಿಟ್ಟರೆ ನನಗ್ಯಾರಿದ್ದಾರೋ' ಎಂದು ಅತ್ತವಳು ಅವಳು. ಈಗ ಎಲ್ಲಿಂದಲೋ ಬಂದ ಈ ಅರ್ಧ ನೆರೆತ ತಲೆಯವನು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಆ ಹೆಸರು ಇವನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮೈಯೆಲ್ಲ ಉರಿಯಿತು.

ಕ್ಯಾಮೆರಾ ಮ್ಯಾನ್ಯುವಲ್‌ನಲ್ಲಿತ್ತು, ಎಲ್ಲವನ್ನೂ ಕೈಯಾರೆ ಹೊಂದಿಸಬೇಕು. ಇಬ್ಬರೂ ಸ್ಪಷ್ಟ ಕಾಣಲೆಂದು ಲೆನ್ಸಿನ ಕಿಂಡಿ, ಅಪರ್ಚರ್, ಒಂದೇ ಅಳತೆಗೆ ಕಟ್ಟಿಹಾಕಿದ್ದ, ಅಲುಗಿದರೂ ಮಸುಕಾಗದಿರಲೆಂದು ಶಟರ್ ವೇಗ ಕೂಡ. ಬೆಳಕು ಏರಿಸಲು ಇಳಿಸಲು ಉಳಿದ ಲಗಾಮು ಒಂದೇ, ಐಎಸ್‌ಒ. ನಾನೂರಕ್ಕಿಟ್ಟರೆ ಗಂಡು ಚೆಂದ, ಅವಳು ಕತ್ತಲು. ಮೂರು ಸಾವಿರದ ಇನ್ನೂರಕ್ಕೆ ಏರಿಸಿದರೆ ಅವಳು ಬೆಳಗುತ್ತಾಳೆ, ಅವನ ಮುಖ ಸುಣ್ಣ ಬಳಿದ ಗೋಡೆ. ಗಂಡನ್ನೂ ಗೋಡೆಯ ಕಡೆ ಸರಿಸಿದರೆ ತಕರಾರೇ ಇಲ್ಲ. ಅದು ಇವನಿಗೆ ಚೆನ್ನಾಗಿ ಗೊತ್ತಿತ್ತು.

ಸರಿಸಲಿಲ್ಲ. ಮೂರು ಸಾವಿರದ ಇನ್ನೂರಕ್ಕೆ ಏರಿಸಿದ, ಕ್ಲಿಕ್ಕಿಸಿದ.

ಅವಳು ಬಂದು ಪರದೆಗೆ ಬಗ್ಗಿದಳು. "ಇವರ ಮುಖ ಎಲ್ಲೋ?"

"ಬೆಳಕು ಜಾಸ್ತಿ."

"ಬೆಳಕೋ, ನಿನ್ನ ಹೊಟ್ಟೆಯುರಿಯೋ?"

"ಬಿಡು, ನನ್ನ ಮುಖದಲ್ಲೇನಿದೆ ಮಹಾ," ಅಂದ ಗಂಡು. "ನೀನು ಚೆನ್ನಾಗಿ ಬಂದಿದೀಯಲ್ಲ, ಸಾಕು."

ಬೈದಿದ್ದರೆ ಜಗಳಕ್ಕೊಂದು ದಾರಿಯಿತ್ತು. ಹಾಳಾದವನು ಅದನ್ನೂ ಕೊಡಲಿಲ್ಲ.

"ಗೋಡೆ ಕಡೆ ಬನ್ನಿ," ಇವನು ಹಲ್ಲು ಕಚ್ಚಿಕೊಂಡೇ ಅಂದ.

ಐಎಸ್‌ಒ ಮುಟ್ಟಲಿಲ್ಲ. ಈ ಸಲ ಇಬ್ಬರ ಮುಖವೂ ತಿಳಿಯಾಗಿ ಬಂತು. ಅವಳು ನಗುತ್ತಿದ್ದಳು. ಅಷ್ಟು ಬಾಯ್ತುಂಬ ಅವಳು ನಕ್ಕದ್ದನ್ನು ಇವನು ಕಂಡೇ ಇರಲಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಅಧಿಕಾರಿ ತಲೆಯೆತ್ತಿದರು. "ವಧುವಿನ ಕಡೆ ಸಾಕ್ಷಿ ಯಾರ್ರೀ? ಸಹಿ ಇಲ್ಲದೆ ಮದುವೆ ಆಗಲ್ಲ."

ಅವಳು ಇವನನ್ನೇ ನೋಡಿದಳು. ಇವನು ಕ್ಯಾಮೆರಾ ಮೇಜಿನ ಮೇಲಿಟ್ಟ. ಪೆನ್ನು ಎತ್ತಿಕೊಂಡ.

"ನೀವು ಇವರಿಗೆ ಏನಾಗಬೇಕು?"

"ಮಗ."