ನೋಟ್‌ಬುಕ್ಕಿನ ಶುಗರ್

ಟೈಲರಿಂಗ್ ಅಂಗಡಿಯಲ್ಲಿ ಗಂಡ ಎರಡನೇ ಸಲ ತಲೆಸುತ್ತಿ ಬಿದ್ದ ಮೇಲೆ ಇಬ್ಬರೂ ಡಾಕ್ಟರ ಮುಂದೆ ಬಂದು ಕೂತರು. ಮೇಜಿನ ಮೇಲೆ ತೋಳಿಗೆ ಅಂಟಿಸಿ ಶುಗರ್ ನೋಡುವ ಹೊಸ ಸೆನ್ಸರಿನ ಡಬ್ಬಿಯಿತ್ತು. ಹೆಂಡತಿ ಅದರ ಪಕ್ಕದಲ್ಲೇ ಬೆರಳಿಗೆ ಚುಚ್ಚಿ ನೋಡುವ ಹಳೆಯ ಮೆಷಿನ್ನನ್ನೂ ನೋಟ್‌ಬುಕ್ಕನ್ನೂ ಇಟ್ಟಳು.

“ನೀವು ಬರೆದಿರೋದೆಲ್ಲ ಇನ್ನೂರೆಂಬತ್ತು, ಮುನ್ನೂರು. ಅದನ್ನ ನೋಡಿಯೇ ಎರಡು ಸಲ ಮಾತ್ರೆ ಜಾಸ್ತಿ ಮಾಡಿದೆ. ಲ್ಯಾಬಲ್ಲಿ ನೋಡಿದ್ರೆ ಇವರ ಶುಗರ್ ತೀರಾ ಕಮ್ಮಿ ಇದೆ. ಈ ಮೆಷಿನ್ ಬಿಟ್ಟು ಸೆನ್ಸರ್ ಹಾಕೋಣ,” ಎಂದರು ಡಾಕ್ಟರು.

“ಯಾವುದಾದ್ರೂ ಹಾಕಿ,” ಎಂದ ಗಂಡ, ಗೋಡೆಯನ್ನೇ ನೋಡುತ್ತ.

“ಮೆಷಿನ್ ಚೆನ್ನಾಗೇ ಇದೆ ಸರ್,” ಎಂದಳು ಹೆಂಡತಿ. “ದಿನಾ ಬೆಳಿಗ್ಗೆ ನಾನೇ ನೋಡಿ ಬರೀತೀನಿ.”

ಅದೇ ಮೆಷಿನ್ನಿನಲ್ಲಿ ಪರೀಕ್ಷಿಸಲೆಂದು ಡಾಕ್ಟರು ಗಂಡನ ಕೈ ಹಿಡಿದರು. ಹತ್ತು ಬೆರಳುಗಳನ್ನೂ ತಿರುಗಿಸಿ ನೋಡಿದರು. ಎಲ್ಲೂ ಚುಚ್ಚಿದ ಗುರುತಿರಲಿಲ್ಲ.

“ಇವರಿಗೆ ಚುಚ್ಚೇ ಇಲ್ವಲ್ಲಮ್ಮ?”

“ಬೆರಳು ನೊಂದ್ರೆ ಇವರಿಗೆ ಬಟ್ಟೆ ಹೊಲಿಯಕ್ಕಾಗಲ್ಲ ಸರ್. ಇಬ್ಬರೂ ತಿನ್ನೋದು ಒಂದೇ ಅಡುಗೆ ತಾನೆ? ಅದಕ್ಕೆ ನನ್ನ ಬೆರಳಿಗೇ ಚುಚ್ಕೋತೀನಿ. ನನಗೇನೂ ಕಷ್ಟ ಇಲ್ಲ. ಈಚೆಗೆ ಚುಚ್ಚಿದ್ದೇ ಗೊತ್ತಾಗಲ್ಲ.”

ಡಾಕ್ಟರು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಇನ್ನೊಮ್ಮೆ ತಿರುವಿದರು. ಆಮೇಲೆ ಸೆನ್ಸರಿನ ಡಬ್ಬಿ ಬಿಚ್ಚಿ, ತಮ್ಮ ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡರು.

“ರವಿಕೆ ತೋಳು ಸ್ವಲ್ಪ ಮೇಲೆ ಸರಿಸಿ ಅಮ್ಮ.”