ಬೀದಿಯವರ ಉಸಿರು

ಮತ್ತಿನ ಮಾತ್ರೆ ನುಂಗಿ ಉಸಿರು ನಿಂತವರ ಮೂಗಿಗೆ ಹೊಡೆಯುವ ಸ್ಪ್ರೇ, ಹೊಸ ಕಾನೂನು ಬಂದಮೇಲೆ ದಿನಸಿ ಅಂಗಡಿಯಲ್ಲೇ ಸಿಗುತ್ತಿತ್ತು. ಹೊಡೆದರೆ ಬೀದಿಯವರೆಲ್ಲರ ಎದೆಯಿಂದ ಒಂದಿಷ್ಟು ಉಸಿರು ಹೋಗಿ ಮಾತ್ರೆ ನುಂಗಿದವರನ್ನು ಬದುಕಿಸುತ್ತಿತ್ತು. ಜನ ಇದ್ದಲ್ಲೇ ಕೂತು ಏದುಸಿರು ಬಿಟ್ಟು, ಮತ್ತೆ ಕೆಲಸಕ್ಕೆ ಏಳುತ್ತಿದ್ದರು.

ಮಗಳು ಸಿಂಚನಾಳ ತುಟಿ ನೀಲಿಯಾಗುತ್ತಿತ್ತು. ಸ್ಪ್ರೇ ಹಿಡಿದ ವನಜಾಕ್ಷಿಯ ಕೈ ಏಳಲಿಲ್ಲ. ಎದುರು ಮನೆಯ ಫಿಲೋಮಿನಾಗೆ ಬೆಳಗಿನಿಂದ ಉಬ್ಬಸ.

"ಮತ್ತೆ ನಿನ್ನ ಮಹಾರಾಣಿನಾ?" ಫಿಲೋಮಿನಾ ಕಿಟಕಿಯಿಂದ ಕೂಗಿದಳು. "ನನ್ನ ಮುಖ ಏನೇ ನೋಡ್ತೀಯ? ಹೊಡಿ! ನಾನಾಗ್ಲೇ ಕೂತ್ಕೊಂಡಿದೀನಿ."

ವನಜಾಕ್ಷಿ ಹೊಡೆದಳು. ಸಿಂಚನಾ ಕೆಮ್ಮಿ ಕಣ್ಣು ಬಿಟ್ಟಳು. ಬೀದಿಯವರೆಲ್ಲ ಸುಧಾರಿಸಿಕೊಂಡು ಎದ್ದರು; ಫಿಲೋಮಿನಾ ಮಾತ್ರ ಏಳಲಿಲ್ಲ.

ಮಗಳ ಎದೆ ಏರಿಳಿಯುವುದನ್ನು ನೋಡಿ ವನಜಾಕ್ಷಿಗೆ ಮೊದಲು ಸಂತೋಷವೇ ಆಯಿತು. ಅಳು ಆಮೇಲೆ ಬಂತು.